ಮೂಡಲಗಿಯಲ್ಲಿ ದೆವ್ವಗಳಿಗೆ ದೊರೆತ ಮುಕ್ತಿ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಲ್ಲಿರುವ ನನ್ನ ಸೋದರತ್ತೆ ಹೇಳುತ್ತಿದ್ದ ದೆವ್ವದ ಕಥೆಗಳನ್ನೂ ಅದ್ಭುತ ಕಥೆಗಳನ್ನೂ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಬರೆದಿಟ್ಟೆ. ನಿತ್ಯಪೂಜೆ ಮಾಡುವವನಿಗೆ ದೆವ್ವದ ಗೊಡವೆ ಏಕೆಂದು ಗೋಕಾಕದ ಗೆಳೆಯರು ಕೇಳಿದರು. ಭಯಾನಕವೂ ಅದ್ಭುತವೂ ನವರಸಗಳಲ್ಲಿಯೇ ಸೇರಿವೆ ಎಂದು ಉತ್ತರಿಸಿದೆ. ಅತ್ತೆಯ ಕಥೆಗಳಿಗೆ ಸಮಾಧಾನದ ಕೊನೆಯೆಂಬುದಿಲ್ಲ. ಒಂದು ಕಥೆಯಲ್ಲಿ ಬಾವಿಯೊಳಗೆ ದೆವ್ವವಾಗಿರುವ ಹೆಣ್ಣು ಕೊನೆಗೂ ಬಾವಿಯಲ್ಲಿಯೇ ಉಳಿಯುತ್ತಾಳೆ. ಅವರು ಬದುಕಿರುವಾಗಲೇ, ಅವರು ಹೇಳಿದಂತೆಯೇ, ಅವು ಪುಸ್ತಕವಾಗಬೇಕೆಂಬುದೊಂದೇ ನನ್ನ ಹಟ.

ಹಸ್ತಪ್ರತಿಯನ್ನು ಕೊಟ್ಟದ್ದು ಮೂಡಲಗಿಯ ಮುದ್ರಕರೊಬ್ಬರಿಗೆ; ಅವರು ಲಗ್ನಪತ್ರಿಕೆ, ಪ್ರವಚನದ ಪುಸ್ತಿಕೆಗಳನ್ನು ಅಚ್ಚುಹಾಕುವವರು. ಅಚ್ಚಾದದ್ದೆಲ್ಲ ಮಂಗಳದಿಂದ ಮುಗಿಯಬೇಕೆಂಬುದು ಅವರ ತಂದೆಯ ಕಾಲದಿಂದ ಬಂದ ವ್ರತ. ಕರಡಚ್ಚನ್ನು ನೋಡುತ್ತೇನೆ, ಪ್ರತಿ ಕಥೆಯ ತುದಿಗೂ ನನ್ನದಲ್ಲದ ಸಾಲು: ಆ ಪಿಶಾಚಿಯು ಪುರಾಣ ಕೇಳಿ ಮುಕ್ತಿ ಪಡೆಯಿತು, ಓದಿದವರಿಗೆಲ್ಲ ಶುಭವಾಗಲಿ.

ಬಸ್ಸು ಹಿಡಿದು ಹೋಗಿ, ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಬಂದೆ. ಮುಂದಿನ ಕರಡಿನಲ್ಲಿ ಅವು ಮರಳಿ ಕುಳಿತಿದ್ದವು. ಮತ್ತೆ ಹೋದೆ.

"ಪುಸ್ತಕ ನಂದೋ ನಿಮ್ಮದೋ ಹೇಳ್ರಿ," ಎಂದೆ.

"ನಿಮ್ಮದ ಐತ್ರಿ ಗುರುಗಳ. ಮಷಿನ್ ನಂದೈತಿ. ದೆವ್ವಾನ ಹಂಗ ಬಿಟ್ರ ಅದು ಎಲ್ಲಿ ಹೋಗಬೇಕ್ರಿ? ಇಲ್ಲೇ ಕುಂದರತೈತಿ. ನಾಳೆ ಅದ ಮಷಿನ್ನಿನ್ಯಾಗ ಮಂದೀ ಲಗ್ನಪತ್ರಿಕಿ ಹಾಕಬೇಕು."

"ರಸಭಂಗ ಆಗತೈತಿ."

"ಆಗಲಿ ಬಿಡ್ರಿ. ಮಂದೀ ಸಂಸಾರ ಭಂಗ ಆಗೂದು ಬ್ಯಾಡ."

ಇಂಥವರೊಡನೆ ವಾದಿಸಲು ನಾನು ಕಲಿತ ಅಲಂಕಾರಶಾಸ್ತ್ರವೆಲ್ಲ ಸಾಲದು. ಕಥೆಯ ಒಡತಿಯೇ ತೀರ್ಪು ಕೊಡಲಿ ಎಂದು ಕರಡನ್ನು ಹಿಡಿದು ಬಾಗೇವಾಡಿಗೆ ಹೋದೆ. ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ. ಬಾವಿಯ ಕಥೆಯನ್ನು ಓದಿ, ಮುದ್ರಕರ ಸಾಲನ್ನೂ ಬೇಕೆಂದೇ ಅಸಡ್ಡೆಯ ಧ್ವನಿಯಲ್ಲಿ ಓದಿದೆ. ಅವರು ನನ್ನ ಕಡೆಗೆ ಬಾಗಿದರು.

"ಹೋದ್ಲೇನೋ ತಮ್ಮಾ ಅಕಿ, ಬಾವಿ ಬಿಟ್ಟು?"

"ಅದು ಆ ಪ್ರೆಸ್ಸಿನವರು ಸೇರಿಸಿದ್ರಿ ಅತ್ತಿ. ನೀವು ಹೇಳಿದ್ದಲ್ಲ. ತಗಸ್ತೀನಿ."

"ಯಾಕ ತಗಸ್ತಿ? ನಮ್ಮವ್ವ ನನಗ ಹಂಗ ಹೇಳಿದ್ಲು, ನಾ ನಿನಗ ಹಂಗ ಹೇಳ್ದೆ. ಬಾಗಲಾ ಹಾಕೋಮುಂದ ಇವತ್ತಿಗೂ ಅಕೀ ನೆನಪು ಬಂದು ಅಂಜಿಕಿ ಬರತೈತಿ ನನಗ. ಹೋಗಲಿ ಪಾಪ. ಇರಲಿ ಆ ಸಾಲು."

ನಾನು ಭಯಾನಕ ರಸದ ಮಹತ್ವವನ್ನು ವಿವರಿಸತೊಡಗಿದೆ. ಅವರು ಕೈಯಾಡಿಸಿ ತಡೆದರು.

"ಅದೆಲ್ಲಾ ನಿನ್ನ ಸಾಲಿ ಹುಡುಗೂರಿಗೆ ಹೇಳು. ಉಳಿದ ದೆವ್ವಗಳದೂ ಓದು. ಅವಕ್ಕೂ ಬಿಡುಗಡಿ ಮಾಡ್ಯಾನಿಲ್ಲೋ ಅಂವ?"

ಮಾಡಿದ್ದರು. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಓದಿದೆ. ಮೂಡಲಗಿಗೆ ಫೋನು ಮಾಡಿ, ನಿಮ್ಮ ಸಾಲುಗಳು ಹಾಗೆಯೇ ಇರಲಿ ಎಂದು ಹೇಳುವುದಷ್ಟೇ ನನಗೆ ಉಳಿಯಿತು.