ಅಂಜನಮ್ಮ ಹೊಲಿದ ಎಂಟು ಬಾವುಟ

ಹೆಗ್ಗನಹಳ್ಳಿಯ ಅಂಜನಮ್ಮನವರಿಗೆ ತಪ್ಪು ಕಂಡದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಾವುಟಗಳು ಮನೆಯಿಂದ ಹೋದ ಮಾರನೆಯ ದಿನ. ಯಾವ ಆರ್ಡರ್ ಬಂದರೂ ಒಂದು ಹೆಚ್ಚಿಗೆ ಹೊಲಿದು ಇಟ್ಟುಕೊಳ್ಳುವುದು ಅವರ ಪದ್ಧತಿ. ಆ ಹೆಚ್ಚಿನ ಬಾವುಟವನ್ನು ಮಡಚಿ ಎತ್ತಿಡುವಾಗ ಅಳತೆಯ ಚಿತ್ರವಿದ್ದ ಕಾಗದವೂ ಕೈಗೆ ಬಂತು. ಎರಡನ್ನೂ ಅಕ್ಕಪಕ್ಕ ಹಿಡಿದರು. ಟೇಪ್ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು. ಆಮೇಲೆ ಮಂಚದ ಅಂಚಿನಲ್ಲಿ ಕೂತುಬಿಟ್ಟರು.

ಬಾಂಗ್ಲಾದೇಶದ ಬಾವುಟ ನೋಡಲು ಸುಲಭ: ಹಸಿರು ಬಟ್ಟೆ, ಮೇಲೊಂದು ಕೆಂಪು ವೃತ್ತ. ಆದರೆ ವೃತ್ತ ನಟ್ಟನಡುವೆ ಇರುವುದಿಲ್ಲ, ಕೋಲಿನ ಕಡೆಗೆ ತುಸು ಸರಿದಿರುತ್ತದೆ. ಹತ್ತು ಇಂಚಿನ ಬಾವುಟವಾದರೆ ಕೋಲಿನ ಕಡೆ ಎರಡೂವರೆ ಇಂಚು ಹಸಿರು, ಆಚೆ ಕಡೆ ಮೂರೂವರೆ. ವೃತ್ತವನ್ನು ಅಂಜನಮ್ಮ ಅಳತೆಯಂತೆಯೇ ಕೂರಿಸಿದ್ದರು. ನಾಲ್ಕೂ ಅಂಚು ಮಡಚಿ ಹೊಲಿದ ಮೇಲೆ, ಕೋಲು ತೂರಿಸುವ ಬಿಳಿ ಪಟ್ಟಿಯನ್ನು ಮಾತ್ರ ಎದುರು ಪಕ್ಕಕ್ಕೆ ಹಾಕಿದ್ದರು. ಕಳಿಸಿದ ಎಂಟಕ್ಕೂ, ಕೈಯಲ್ಲಿದ್ದ ಇದಕ್ಕೂ ಹಾಗೆಯೇ.

ಇದು ಕೈಯ ಅಭ್ಯಾಸ ಮಾಡಿದ ತಪ್ಪು. ಹನ್ನೊಂದು ವರ್ಷದಿಂದ ಪ್ರತಿ ಆಗಸ್ಟ್‌ಗೆ ಅವರು ತ್ರಿವರ್ಣ ಹೊಲಿಯುತ್ತಾರೆ. ಅದರಲ್ಲಿ ಚಕ್ರ ನಡುವೆಯೇ ಇರುವುದರಿಂದ ಪಟ್ಟಿ ಯಾವ ಪಕ್ಕಕ್ಕೆ ಬಂದರೂ ಒಂದೇ. ಕೊನೆಯ ಆ ಕೆಲಸಕ್ಕೆ ಅವರು ಕಣ್ಣು ಕೊಡುವುದನ್ನೇ ಬಿಟ್ಟಿದ್ದರು.

ಅಂದು ಮಧ್ಯಾಹ್ನ ಮೂರಕ್ಕೆ ಕೆಂಗೇರಿಯ ಒಂದು ಸಿದ್ಧ ಉಡುಪು ತರಬೇತಿ ಕೇಂದ್ರಕ್ಕೆ ಬಾಂಗ್ಲಾದೇಶದ ನಿಯೋಗ ಬರುವುದಿತ್ತು. ಎರಡೂ ದೇಶದವರು ಒಪ್ಪಂದಕ್ಕೆ ಸಹಿ ಹಾಕುವ ಮೇಜುಗಳ ಮೇಲೆ ಎಂಟು ಜೋಡಿ ಬಾವುಟ ನಿಲ್ಲಬೇಕಿತ್ತು. ಆರ್ಡರ್ ತಂದ ರಾಜಾಜಿನಗರದ ಗುತ್ತಿಗೆದಾರ ಮುರುಗೇಶ್, ‘ಎರಡು ದೇಶದ ಮಧ್ಯೆ ಮಾತು ಕೆಟ್ಟು ಈಗ ತಾನೇ ಸರಿಹೋಗ್ತಾ ಇದೆ ಅಕ್ಕ, ಒಂದು ನೂಲೂ ಆಚೀಚೆ ಆಗ್ಬಾರ್ದು’ ಎಂದು ಹೇಳಿಯೇ ಬಟ್ಟೆ ಕೊಟ್ಟಿದ್ದ.

ಟಿವಿ ಪರದೆಯ ಕೆಳಗೆ ಓಡುವ ಸುದ್ದಿಯ ಕೆಂಪು ಪಟ್ಟಿ ಅಂಜನಮ್ಮನವರ ಕಣ್ಣಿಗೆ ಕಟ್ಟಿತು. ಅತಿಥಿ ದೇಶಕ್ಕೆ ಅವಮಾನ. ಹೊಲಿದವರು ಯಾರು? ಬೇಕೆಂದೇ ಮಾಡಿದ್ದೋ? ಪೊಲೀಸ್ ಜೀಪು ತಮ್ಮ ಬೀದಿಗೆ ತಿರುಗುವುದೂ, ಎದುರು ಮನೆಯವರು ಬಾಗಿಲಿಗೆ ಬಂದು ನಿಲ್ಲುವುದೂ ಕಂಡಿತು. ಮುರುಗೇಶನಿಗೆ ಫೋನ್ ಮಾಡಿದರು.

‘ಯಾರಕ್ಕಾ ಅಲ್ಲಿ ಟೇಪ್ ಹಿಡ್ಕೊಂಡು ಅಳೀತಾರೆ? ಸುಮ್ನಿರಿ,’ ಎಂದು ಆತ ನಕ್ಕ.

‘ಅಳೆಯೋದು ಯಾಕೆ ಬೇಕಪ್ಪಾ? ನಮ್ಮ ಬಾವುಟದಲ್ಲಿ ಹಸಿರು ಮೇಲೆ ಬಂದ್ರೆ ನಿಂಗೆ ಟೇಪ್ ಬೇಕಾ ಗೊತ್ತಾಗೋಕೆ?’

ಈ ಸಲ ಮುರುಗೇಶನ ದನಿಯಲ್ಲಿ ನಗು ಇರಲಿಲ್ಲ. ‘ಬಾವುಟ ಆಗ್ಲೇ ಒಳಗೆ ಹೋಗಿದೆ. ನೀವು ಬಾಯಿ ಬಿಡ್ಬೇಡಿ. ಯಾರಾದ್ರೂ ಕೇಳಿದ್ರೆ ನಾನು ನಿಮ್ಮ ಹೆಸರು ಹೇಳ್ಲೇಬೇಕಾಗತ್ತೆ, ಆಮೇಲೆ ಬೇಜಾರು ಮಾಡ್ಕೋಬೇಡಿ.’

ಬಾಯಿ ಬಿಡದೆ ಕೂತರೆ ಏನಾಗುತ್ತದೆಂದು ಅಂಜನಮ್ಮನವರಿಗೆ ಗೊತ್ತಿತ್ತು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹತ್ತೊಂಬತ್ತು ವರ್ಷ ದುಡಿದವರು ಅವರು. ಅಲ್ಲಿ ಒಮ್ಮೆ ನಲವತ್ತು ಅಂಗಿಗಳ ಕಾಲರ್ ಒಳಮೈ ಹೊರಗಾಗಿ ಹೊಲಿದುಬಿಟ್ಟಿದ್ದರು. ಸೂಪರ್‌ವೈಸರ್ ಪಕ್ಕದ ಮಿಷನ್ನಿನ ಕುಸುಮಾಳನ್ನು ಹಿಡಿದು ಬೈದ. ಅಂಜನಮ್ಮ ತಲೆ ತಗ್ಗಿಸಿ ಮಿಷನ್ ತುಳಿದರು. ಮುಂದಿನ ವಾರದಿಂದ ಕುಸುಮಾ ಕೆಲಸಕ್ಕೆ ಬರಲಿಲ್ಲ.

ಸೂಜಿ, ಹಸಿರು ಮತ್ತು ಬಿಳಿ ದಾರ, ಟೇಪ್, ಹೊಲಿಗೆ ಬಿಚ್ಚುವ ಕೊಕ್ಕೆ, ಕತ್ತರಿ ಇಷ್ಟನ್ನು ಚೀಲಕ್ಕೆ ಹಾಕಿ, ಬಾಗಿಲಿಗೆ ಬೀಗ ಜಡಿದು ಅವರು ಆಟೋ ಹತ್ತಿದರು. ನಾಗರಬಾವಿ ದಾಟುವುದರೊಳಗೆ, ‘ಆಟೋ ತಿರುಗಿಸಪ್ಪ’ ಎಂದು ಹೇಳಬೇಕೆಂದು ಎರಡು ಸಲ ಅನ್ನಿಸಿತಂತೆ.

ತರಬೇತಿ ಕೇಂದ್ರದ ಗೇಟಿನಲ್ಲಿ ಚೀಲ ತಪಾಸಣೆ ಮಾಡಿದ್ದು ಸುಮಾ ಎಂಬ ಪೊಲೀಸ್ ಪೇದೆ. ಕೊಕ್ಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ‘ಏನ್ ಆಂಟಿ ಇದು? ಕತ್ತರಿ ಬೇರೆ! ವಿಐಪಿ ಬರೋ ಜಾಗಕ್ಕೆ ಯಾಕ್ ತಂದ್ರಿ?’

ತಪ್ಪನ್ನು ಸರಿಮಾಡುವ ಸಾಮಾನೇ ತಮ್ಮನ್ನು ಹಿಡಿಸಿಹಾಕಬಹುದು ಎಂದು ಅಂಜನಮ್ಮನವರಿಗೆ ಹೊಳೆದಿರಲಿಲ್ಲ. ಇನ್ನಿಬ್ಬರು ಪೊಲೀಸರು ಹತ್ತಿರ ಬಂದರು.

‘ಒಳಗೆ ಇಟ್ಟಿರೋ ಬಾವುಟ ನಾನೇ ಹೊಲಿದಿದ್ದು ಕಣಮ್ಮಾ. ತಪ್ಪಾಗಿದೆ. ಎಂಟೂ ತಪ್ಪಾಗಿದೆ.’

ಅವರನ್ನು ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಆಧಾರ್ ಕಾರ್ಡ್ ಇಸಿದುಕೊಂಡರು. ಒಬ್ಬ ಪೊಲೀಸ್ ಅದರ ಫೋಟೊ ತೆಗೆದು ಯಾರಿಗೋ ಕಳಿಸಿದ. ಇಪ್ಪತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ತಾವು ಜೈಲಿಗೆ ಹೋಗುವುದು ಖಚಿತವಾಯಿತು, ಬಸವೇಶ್ವರನಗರದ ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ಮಗಳು ಕಲಾಳಿಗೆ ಹೇಗೆ ತಿಳಿಸುವುದು ಎಂಬುದೊಂದೇ ಉಳಿದಿತ್ತು ಎಂದು ಅವರು ಹೇಳುತ್ತಾರೆ.

ಅತಿಥಿಗಳ ವ್ಯವಸ್ಥೆ ನೋಡುವ ಅಧಿಕಾರಿ ಶೋಭಾರಾಣಿ ಬಾವುಟವೊಂದನ್ನು ಹಿಡಿದೇ ಬಂದರು. ಅಂಜನಮ್ಮ ಟೇಪ್ ಇಟ್ಟು ತೋರಿಸಿದರು. ಅಧಿಕಾರಿ ಟೇಪನ್ನು ತಾವೇ ತೆಗೆದುಕೊಂಡು ಇನ್ನೊಮ್ಮೆ ಅಳೆದರು.

‘ಬೆಳಿಗ್ಗೆಯಿಂದ ಮೂರು ಸಲ ನೋಡಿದೀನಿ ನಾನು,’ ಎಂದರು. ‘ಒಂದಕ್ಕೆ ಎಷ್ಟು ಹೊತ್ತು ಬೇಕಮ್ಮಾ?’

‘ಯಾರಾದ್ರೂ ಬಿಚ್ಚಿ ಕೊಟ್ರೆ ಏಳು ನಿಮಿಷ, ಮೇಡಂ.’

ಆಗ ಎರಡಕ್ಕೆ ಹತ್ತು ನಿಮಿಷವಿತ್ತು. ಕತ್ತರಿ ಗೇಟು ದಾಟುವಂತಿರಲಿಲ್ಲ, ಹಾಗಾಗಿ ಬಾವುಟಗಳೇ ಗೇಟಿಗೆ ಬಂದವು. ಕೊಕ್ಕೆ, ಕತ್ತರಿ ಎರಡೂ ಸುಮಾ ಅವರ ಕೈಯಲ್ಲೇ ಇರಬೇಕೆಂದು ಇನ್‌ಸ್ಪೆಕ್ಟರ್ ಹೇಳಿದರು. ಹೀಗೆ ಬಿಚ್ಚುವ ಕೆಲಸ ಪೇದೆಯ ಪಾಲಿಗೆ ಬಂತು.

‘ಹೊಲಿಗೆ ಕಲೀ ಕಲೀ ಅಂತ ನಮ್ಮಮ್ಮ ಬಡ್ಕೊಂಡ್ರು, ತಪ್ಪಿಸ್ಕೊಂಡು ಪೊಲೀಸ್ ಸೇರ್ದೆ,’ ಎಂದರು ಸುಮಾ. ‘ಈಗ ನೋಡಿ ಆಂಟಿ!’

ಅಂಜನಮ್ಮನವರಿಗೆ ನಗಲು ಆಗಲಿಲ್ಲ. ಎಷ್ಟು ಯತ್ನಿಸಿದರೂ ದಾರ ಸೂಜಿಗೆ ಹೋಗುತ್ತಿರಲಿಲ್ಲ. ಅದನ್ನೂ ಸುಮಾ ಅವರೇ ಪೋಣಿಸಿಕೊಟ್ಟರು. ಮೊದಲ ಬಾವುಟಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಎರಡನೆಯದಕ್ಕೆ ಎಂಟು. ಪ್ರತಿ ಪಟ್ಟಿ ಇಡುವ ಮುನ್ನ ಅವರು ಎರಡೂ ಕಡೆ ಅಳೆದು, ‘ಇದೇ ಕಡೆ ತಾನೇ?’ ಎಂದು ಸುಮಾ ಅವರನ್ನು ಕೇಳಿದರು. ಎಂಟು ಸಲವೂ ಕೇಳಿದರು.

ಎಂಟನೆಯದು ಕೈಯಲ್ಲಿದ್ದಾಗ ಮೈಸೂರು ರಸ್ತೆಯ ಕಡೆಯಿಂದ ಸೈರನ್ ಕೇಳಿಸಿತು. ‘ಸಾಕು, ಏಳೇ ಇಡೋಣ,’ ಎಂದರು ಶೋಭಾರಾಣಿ.

‘ಒಂದು ಮೇಜು ಬರಿದಾದ್ರೆ ಅದೂ ತಪ್ಪೇ ಅಲ್ವಾ ಮೇಡಂ?’ ಎನ್ನುತ್ತಲೇ ಅಂಜನಮ್ಮ ಕೊನೆಯ ಎರಡು ಇಂಚು ಹೊಲಿದರು. ಕತ್ತರಿಗೆ ಕಾಯದೆ ದಾರವನ್ನು ಹಲ್ಲಿನಲ್ಲಿ ಕಡಿದರು. ಶೋಭಾರಾಣಿ ಬಾವುಟ ಕಸಿದುಕೊಂಡು ಓಡಿದರು.

ಕಾರುಗಳು ಒಳಬರುವಾಗ ಅಂಜನಮ್ಮನವರನ್ನು ಕೋಣೆಯಲ್ಲೇ ಇರಿಸಿ ಬಾಗಿಲು ಮುಂದೆ ಮಾಡಿದರು. ಒಳಗೆ ಏನಾಗುತ್ತಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಸೂಜಿ ಚುಚ್ಚಿದ ಬೆರಳನ್ನು ಸೆರಗಿನಲ್ಲಿ ಸುತ್ತಿ, ಹೊರಗೆ ಬೂಟಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು.

ನಾಲ್ಕೂಕಾಲಕ್ಕೆ ಸುಮಾ ಬಾಗಿಲು ತೆಗೆದು ಆಧಾರ್ ಕಾರ್ಡ್ ವಾಪಸ್ ಕೊಟ್ಟರು. ‘ಸಹಿ ಆಯ್ತಂತೆ ಆಂಟಿ. ಎಲ್ಲಾ ಟೀ ಕುಡೀತಾ ಇದಾರೆ.’

‘ಬಾವುಟಕ್ಕೆ ಏನಂದ್ರು?’

‘ಬಾವುಟದ್ ಸುದ್ದಿ ಯಾರೂ ಎತ್ಲಿಲ್ಲ.’

ಅಂಜನಮ್ಮ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಕುಡಿಯಲು ನೀರು ಕೇಳಿದರು.