ಹಳದಿ ಬೆಳಕಿನ ಬಾಣಂತಿ ಕೋಣೆ

ಲೈಟಿನ ಅಂಗಡಿಯವನನ್ನು ಬೈಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬೈದು ಮುಗಿಸಿದ ಮೇಲೂ ಸಿಟ್ಟು ಉಳಿಯುತ್ತದೆ. ಅದು ನನ್ನ ಪಾಲಿನದು.

ಕಾಡುಗೋಡಿಯ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದಾಗ ಎಲ್‌ಇಡಿ ಬಲ್ಬು ಆಗಷ್ಟೇ ಮನೆಮನೆಗೆ ಬರುತ್ತಿತ್ತು. ಅಮ್ಮ ಬಿಳಿ ಬೆಳಕು ಕೇಳಿದಳು. ಅಕ್ಕಿಯಲ್ಲಿ ಕಲ್ಲು ಕಾಣಬೇಕಂತೆ. ನನಗೋ ಬ್ರೂಕ್‌ಫೀಲ್ಡ್ ಅಪಾರ್ಟ್‌ಮೆಂಟುಗಳ ಕಿಟಕಿಯಲ್ಲಿ ಸಂಜೆ ಕಾಣುವ ಜೇನುಬಣ್ಣವೇ ಬೇಕಿತ್ತು. "ವಾರ್ಮ್ ಹಾಕ್ಸಿ ಸಾರ್, ಬಿಳಿ ಹಾಕಿದ್ರೆ ಆಸ್ಪತ್ರೆ ಥರ ಇರತ್ತೆ" ಎಂದ ಅಂಗಡಿಯವನು. ಬಚ್ಚಲೂ ಸೇರಿ ಮನೆಯೆಲ್ಲ ಹಳದಿ ಮಾಡಿಸಿದೆ.

"ಗೋಡೆಗೆಲ್ಲ ಅರಿಸಿನ ಬಳಿದಂಗೈತಲ್ಲೋ" ಎಂದಳು ಅಮ್ಮ. ಒಗೆದ ಪಂಚೆ ಮಾಸಿದಂತೆ ಕಾಣುತ್ತಿತ್ತು, ಮೊಸರು ಹಳಸಿದಂತೆ. ಯಾರೇ ಕೇಳಲಿ, ನನ್ನದು ಒಂದೇ ಉತ್ತರ: ಅದು ಲೈಟಿನ ಬಣ್ಣ.

ಆ ವರ್ಷವೇ ತಂಗಿ ಚೊಚ್ಚಲ ಹೆರಿಗೆಗೆ ಬಂದಳು. ಗಂಡುಮಗು. ಮಗುವಿನ ಮೈ ಹಳದಿ ಕಂಡರೆ ತಕ್ಷಣ ಕರೆತನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬಾಣಂತಿಗೆ ಗಾಳಿ ತಗುಲಬಾರದೆಂದು ಕಿಟಕಿ ಮುಚ್ಚಿ, ಮೇಲೊಂದು ಕಂಬಳಿ ಕಟ್ಟುವುದು ನಮ್ಮ ಪದ್ಧತಿ. ಹಗಲೂ ಲೈಟೇ ಗತಿ. ಆ ಕೋಣೆಯಲ್ಲಿ ಹಳದಿ ಕಾಣದವರು ಯಾರಿದ್ದರು? ನೋಡಲು ಬಂದವರು ಬಂಗಾರದ ಬಣ್ಣ ಎಂದರು. ತಂಗಿ ಹಿಗ್ಗಿದಳು.

"ಮಗೀನ ಕಣ್ಣೂ ಹಳದಿ ಅವೆ ಕಣೋ. ಹಾಲು ಕುಡಿಯಾಕೂ ಏಳಲ್ದು. ಒಸಿ ಬಿಸಿಲಿಗೆ ತಂದು ನೋಡಾನ" ಎಂದಳು ಅಮ್ಮ.

ನಾನು ಬಾಗಿಲಲ್ಲೇ ನಿಂತು, "ಲೈಟಿನ ಬಣ್ಣ ಕಣಮ್ಮ ಅದು. ಸುಮ್ನೆ ಗಾಳಿಗೆ ಒಡ್ಡಬೇಡ" ಎಂದೆ. ಯಾವತ್ತೂ ನನ್ನ ಮಾತು ಕೇಳದ ಅಮ್ಮ ಅವತ್ತು ಕೇಳಿದಳು.

ಅದಾದ ಮೂರನೆಯ ದಿನ ಬೆಳಿಗ್ಗೆ ಕರೆಂಟು ಹೋಯಿತು. ವಿಧಿಯಿಲ್ಲದೆ ಕಂಬಳಿ ಸರಿಸಿ ಕಿಟಕಿ ತೆರೆದೆವು. ಬಿಸಿಲಿನಲ್ಲಿ ತಂಗಿಯ ಕೈ ಕೈಯ ಬಣ್ಣದಲ್ಲೇ ಇತ್ತು. ಅದರ ಮೇಲೆ ಮಲಗಿದ್ದ ಮಗು ಮಾತ್ರ ಮಾಗಿದ ನಿಂಬೆಹಣ್ಣಿನಂತಿತ್ತು. ಆಟೋ ಹಿಡಿದು ಓಡಿದೆವು. "ಇಷ್ಟ್ ದಿನ ಏನ್ರೀ ನೋಡ್ತಿದ್ರಿ?" ಎಂದು ಡಾಕ್ಟರು ರೇಗಿದರು. ಕಾಮಾಲೆ ತಲೆಗೇರಿತ್ತು. ಜೀವ ಉಳಿಯಿತು, ಕಿವಿ ಹೋಯಿತು.

ಅದು ತಿಳಿದ ದಿನ ಸ್ಟೂಲು ಹತ್ತಿ ಬಲ್ಬುಗಳನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆದೆ. ಏನು ಬಂತು? ಎಲ್ಲ ತಿಳಿದವನ ಹಾಗೆ ಬಾಗಿಲಲ್ಲಿ ನಿಂತು ಹೇಳಿದವನು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಷ್ಟೇ.

ತಂಗಿ ಇವತ್ತಿಗೂ ನನ್ನನ್ನು ಒಂದು ಮಾತು ಬೈದಿಲ್ಲ. ನನಗೆ ಸಹಿಸಲಾಗದಿರುವುದು ಅದೇ. ರಜೆಗೆ ಬಂದ ಹುಡುಗ ಗೇಟು ದಾಟಿ ರಸ್ತೆಗೆ ಓಡಿದರೆ ಕೂಗಿ ಪ್ರಯೋಜನವಿಲ್ಲ. ನಾನೇ ಓಡಿ ಅವನ ಮುಂದೆ ಹೋಗಿ ನಿಲ್ಲಬೇಕು. ಮಾಮ ಆಟವಾಡುತ್ತಿದ್ದಾನೆ ಎಂದುಕೊಂಡು ಅವನು ನಗುತ್ತಾನೆ.