ಮೂರು ಸಲ ಹಾಡಬೇಕಾದ ಸಾಲು

ಬಿಜೂರಿನ ಬಯಲಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಎಂಟು ಹೆಂಗಸರು ಕೆಸರಲ್ಲಿ ಬಗ್ಗಿ, ಭತ್ತದ ಸಸಿ ನೆಡುತ್ತಾ ಹಿಂದೆ ಸರಿಯುತ್ತಿದ್ದಾರೆ. ಹಾಡು ಹೇಳಿಕೊಡುವವರು ಐವತ್ತೆಂಟರ ಸೀತು. ‘ಕೂಕೋ ಹಕ್ಕೀ, ಬಿಸ್ಲ್ ಏರ್ಲಿ’, ಅಂದರೆ ಕೂತುಕೋ ಹಕ್ಕಿ, ಬಿಸಿಲೇರಲಿ ಎಂಬ ಸಾಲನ್ನು ಅವರು ಮೂರು ಸಲ ಹಾಡುತ್ತಾರೆ. ಮೂರೇ ಸಲ ಯಾಕೆ ಎಂಬ ಕುತೂಹಲವೇ ನನ್ನನ್ನು ಇಲ್ಲಿಗೆ ಎಳೆದು ತಂದಿದೆ.

ಕುಂದಾಪುರದ ಕಾಲೇಜು ಮೇಷ್ಟ್ರು ಪ್ರೇಮಾನಂದ 1998ರಲ್ಲಿ ಸೀತು ಹಾಡಿದ್ದನ್ನು ಟೇಪಿನಲ್ಲಿ ತುಂಬಿಕೊಂಡು ಪುಸ್ತಕ ಮಾಡಿದರು. ಈ ಸಾಲನ್ನು ಒಂದೇ ಸಲ ಅಚ್ಚು ಹಾಕಿಸಿ, ಹಕ್ಕಿಯೆಂದರೆ ತವರಿಗೆ ಹಂಬಲಿಸುವ ಹೆಣ್ಣು ಎಂದು ಎರಡು ಪುಟ ಅರ್ಥ ಬರೆದರು. ಸಾಲು ಕಟ್ಟಿದ ಸೀತು ಎದುರಿಗೇ ಇದ್ದರು. ಅವರನ್ನು ಕೇಳುವುದೊಂದು ಬಾಕಿ ಉಳಿಯಿತು.

ಸೀತು ಗದ್ದೆಗಿಳಿದದ್ದು ಹದಿನಾಲ್ಕನೇ ವಯಸ್ಸಿನಲ್ಲಿ. ಮಳೆಗಾಲದಲ್ಲಿ ದಿನಕ್ಕೆ ಎಂಟು ಗಂಟೆ ಸೊಂಟ ಬಗ್ಗಿಯೇ ಇರುತ್ತದೆ. ಜೊತೆಗಾತಿ ಕುಸುಮರ ಪಾದಕ್ಕೆ ನೇಗಿಲು ತಗುಲಿದ ವರ್ಷ ಈ ಸಾಲು ಹುಟ್ಟಿತು.

“ಅವ್ಳ್ ಹಿಂದ್ ಉಳಿತಿದ್ಲ್. ಮೂರ್ ಸಲ ಹೇಳುವಷ್ಟೊತ್ತಿಗೆ ಬಂದ್ ಸೇರ್ಕಂತಿದ್ಲ್. ಉಳ್ದೋರ್ ಸೊಂಟ ನೆಟ್ಗ್ ಮಾಡ್ಕಂಬುದ್. ಹಾಡ್ ನಿಲ್ಲದಿದ್ರೆ ಕೆಲ್ಸ ನಿಂತದ್ ಗದ್ದಿ ಒಡೀರಿಗ್ ಗೊತ್ತಾತಿಲ್ಲೆ.”

ಮೇಷ್ಟ್ರಿಗೆ ಯಾಕೆ ಹೇಳಲಿಲ್ಲ?

“ಒಡೀರ್ ಅಲ್ಲೇ ಗದ್ದಿ ಅಂಚಿನ್ ಮೇಲೆ ನಿಂತಿದ್ರ್ ಮರ್ರೆ. ಹ್ಯಾಂಗ್ ಹೇಳುದ್?”

ಹಾಗಾದರೆ ಮೇಷ್ಟ್ರು ಬರೆದ ಅರ್ಥ ತಪ್ಪೇ? “ಸುಳ್ಳ್ ಅಂತ ನಾ ಹೇಳ್ತಿಲ್ಲೆ. ಓದ್ಸಿ ಕೇಂಡಾಗ ನಂಗೂ ಅಮ್ಮನ್ ಮನಿ ನೆನ್ಪಾಯ್ತ್. ಆದ್ರೆ ಸಾಲ್ ಕಟ್ಟಿದ್ದ್ ಕುಸುಮಂಗೆ.”

ನಾಟಿಗೆ ಬರುವ ಮಹಿಳಾ ಮಂಡಳಿಯ ಎಳೆಯರು ಈಗ ಪುಸ್ತಕ ನೋಡಿಯೇ ಹಾಡು ಕಲಿತಿದ್ದಾರೆ. ಒಂದೇ ಸಲ ಹಾಡಿ ಮುಂದೆ ಓಡುತ್ತಾರೆ. ಕಳೆದ ವರ್ಷ, 2008ರ ನಾಟಿಯಲ್ಲಿ, ಸೀತು ಜ್ವರದಿಂದ ಮಲಗಿದ್ದ ದಿನ ಎಳೆಯರೇ ಹಾಡು ಹೇಳಿಕೊಟ್ಟರು; ಕುಸುಮ ಒಬ್ಬರೇ ನಡುಗದ್ದೆಯಲ್ಲಿ ಉಳಿದರು. ಸಂಜೆ ಒಡೆಯರು, ನಾಳೆಯಿಂದ ಬರಬೇಡ ಎಂದುಬಿಟ್ಟರು. ಕುಸುಮ ಇಲ್ಲದ ಗದ್ದೆಗೆ ನಾನೂ ಇಳಿಯುವುದಿಲ್ಲ ಎಂದು ಸೀತು ಹಟ ಹಿಡಿದ ಮೇಲೆಯೇ ಒಡೆಯರು ಕುಸುಮರನ್ನು ಮತ್ತೆ ಕರೆದದ್ದು. ಕೇಳಿ ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಇದನ್ನೆಲ್ಲ ಬರೆದರೆ ಒಡೆಯರಿಗೆ ಗುಟ್ಟು ತಿಳಿಯುತ್ತದಲ್ಲ ಎಂದೆ. “ತಿಳೀಲಿ. ಇಷ್ಟ್ ವರ್ಷದಗೆ ಒಂದ್ ಗದ್ದಿ ಆದ್ರೂ ನೆಡುದ್ ಬಾಕಿ ಉಳ್ದಿತ್ತಾ, ಅವ್ರನ್ನೇ ಕೇಳಿ.”

ಪುಸ್ತಕ ಎರಡನೇ ಮುದ್ರಣಕ್ಕೆ ಸಿದ್ಧವಾಗುತ್ತಿದೆ. ಫೋನಿನಲ್ಲಿ ವಿಷಯ ತಿಳಿಸಿದಾಗ ಪ್ರೇಮಾನಂದರು ಸೀತು ಹೆಸರು ಹಾಕಲು ಸಂತೋಷದಿಂದ ಒಪ್ಪಿದರು. ಸಾಲು ಮಾತ್ರ ಮೂರು ಸಲ ಬಂದರೆ ಓದುವವರಿಗೆ ಬೇಸರವಾದೀತು ಎಂದು ಅನುಮಾನಿಸಿದರು. ಅದನ್ನು ಸೀತುವಿಗೆ ಹೇಳಿದೆ.

“ನನ್ ಹೆಸ್ರ್ ಬ್ಯಾಡ, ಮೂರ್ ಸಲ ಹಾಕ್ಲಿ. ಓದೋರಿಗ್ ಬೇಜಾರ್ ಬಂದ್ರೆ ಬರ್ಲಿ. ಕುಸುಮ ಬಂದ್ ಮುಟ್ಟುವರೆಗೆ ಅವ್ರೂ ಕಾಯ್ಲಿ.”